ಬಸವನಹುಳುವಿನ ಕುಲ

ತನ್ನ ಮೈಗಿಂತ ದೊಡ್ಡ ಕಣ್ಣಿರುವವರನ್ನು ನಂಬಬಾರದು ಎಂಬುದು ಹುಣಸೆಬೀಜದಷ್ಟಿದ್ದ ಒಂದು ಬಸವನಹುಳುವಿನ ಖಚಿತ ಅಭಿಪ್ರಾಯ. ಒಂದು ದಿನ ಅದು ದಾಸವಾಳದ ಎಲೆಯ ಮೇಲೆ ಹೊರಟಿದ್ದಾಗ ಕ್ಯಾಮೆರಾ ಒಂದು ಬಂದು ಎದುರಿಗೇ ಬಗ್ಗಿತು.

“ಹೆದರಬೇಡ. ನಿನ್ನ ಹೆಸರು ತಿಳಿದರೆ ಸಾಕು. ಸ್ವಲ್ಪ ಕೊಂಬು ಚಾಚು.”

“ಕೊಂಬಿದೆಯೆಂದೇ ಊರವರು ನನ್ನನ್ನು ಬಸವ ಎಂದರು. ಆ ಹೆಸರು ಸಾಲದೆ?”

“ಬಸವನಹುಳುಗಳಲ್ಲಿ ನೂರು ಕುಲ. ನಿನ್ನದು ಯಾವುದು?”

ಕುಲ ಕೇಳಿದ ಮೇಲಂತೂ ಹುಳುವಿನ ಗುಮಾನಿ ಇಮ್ಮಡಿಯಾಯಿತು. “ತಿಳಿದು ಏನು ಮಾಡುತ್ತೀ?”

“ಚಿತ್ರದ ಕೆಳಗೆ ಬರೆಯುತ್ತೇನೆ. ನೀನಿರುವ ಜಾಗವನ್ನೂ ಬರೆದು, ಬಸವನಹುಳು ಎಂದರೆ ಇಷ್ಟಪಡುವವರಿಗೆಲ್ಲ ತೋರಿಸುತ್ತೇನೆ.”

“ಬೇಲಿಯ ಮೇಲೆ ಕೂತಿರುವ ಆ ಕೆಂಬೂತ ಹಕ್ಕಿಗೂ ನಾವೆಂದರೆ ಬಲು ಇಷ್ಟ,” ಎಂದ ಹುಳು ಕೊಂಬು, ತಲೆ, ಮೈ ಎಲ್ಲವನ್ನೂ ಚಿಪ್ಪಿನೊಳಗೆ ಎಳೆದುಕೊಂಡಿತು.

ಕ್ಯಾಮೆರಾ ಕಾದು ಕಾದು ಸೋತು, ಕಂಡಷ್ಟನ್ನೇ ಚಿತ್ರ ಹಿಡಿಯಿತು. ಇಷ್ಟು ಹೊತ್ತು ಮಾತಾಡಿದ್ದು ಯಾರೆಂಬುದು ಅದಕ್ಕೆ ಬೇಕಿರಲಿಲ್ಲ. ಚಿತ್ರದಲ್ಲಿ ಕಂಡದ್ದೇ ಅದಕ್ಕೆ ನಿಜ. “ಖಾಲಿ ಚಿಪ್ಪು” ಎಂದು ಗಟ್ಟಿಯಾಗಿ ಹೇಳಿಕೊಂಡು ಬರೆಯಿತು.

ಅದನ್ನು ಕೇಳಿದ ಕೆಂಬೂತ ಬೇಸರದಿಂದ ಹಾರಿಹೋಯಿತು.

ಹುಳು ಒಳಗೊಳಗೇ ಅಂದುಕೊಂಡಿತು: “ಕುಲ ಸರಿಯಾಗಿ ಬರೆದಿದೆ. ಇನ್ನು ಎಲ್ಲರಿಗೂ ತೋರಿಸಲಿ.”