ಎಪ್ಪತ್ತೊಂದರಲ್ಲಿ ನಿಂತ ಮಾಂಸ

ನದಿಯ ದಂಡೆಯಲ್ಲಿ ಬೆನೆಡಿಕ್ಟಾ ಬಾಯಿ ಹೊಗೆಯಲ್ಲಿ ಮಾಂಸ ಬೇಯಿಸುವುದನ್ನು ಕಲಿಸುತ್ತಿದ್ದರು. ಅಲ್ಲಿ ಇದ್ದದ್ದು ಒಂದು ಹಂಚಿನ ಮಾಡು, ಒಂದು ಬಾವಿ ಮತ್ತು ಕೆಟಲ್ ಗ್ರಿಲ್ ಎಂಬ, ಗುಂಡಗಿನ ಮುಚ್ಚಳದ ಕೆಲವು ಇದ್ದಲ ಒಲೆಗಳು.

ಹೆರಾಲ್ಡ್ ಅವರ ಶಿಷ್ಯ. ಮದುವೆಮನೆಗಳ ಅಡುಗೆಯವನ ಮಗ. ಮಾಂಸಕ್ಕೆ ಸೂಜಿ ಚುಚ್ಚಿ ಕಾವು ನೋಡುವ ಡಿಜಿಟಲ್ ಥರ್ಮಾಮೀಟರ್ ಕಂಡರೆ ಅವನಿಗೆ ಆಗುತ್ತಿರಲಿಲ್ಲ.

"ಸತ್ತ ಹಂದಿಗೆ ಎಂತ ಜ್ವರ ಬಾಯಿ?" ಎಂದು ಮೊದಮೊದಲು ಕೇಳಿದ್ದ. "ನನ್ನ ಅಪ್ಪ ಮೂಸಿ ನೋಡಿಯೇ ಇಳಿಸುತ್ತಿದ್ದರು."

"ನಿನ್ನ ಮೂಗೂ ಒಳ್ಳೆಯದೇ," ಎಂದರು ಬಾಯಿ. "ಆದರೆ ಅದಕ್ಕೆ ಹಸಿವಾಗುತ್ತದೆ. ಈ ಸೂಜಿಗೆ ಆಗುವುದಿಲ್ಲ."

ಅಂದಿನಿಂದ ಅವನು ಮರುಮಾತಿಲ್ಲದೆ ಸೂಜಿ ಚುಚ್ಚುತ್ತಿದ್ದ.

ಒಂದು ಭಾನುವಾರ ಊರಿನ ಸಿಪ್ರಿಯನ್ ಮಾಮನ ಮೊಮ್ಮಗಳಿಗೆ ಇಗರ್ಜಿಯಲ್ಲಿ ಮೊದಲ ಪರಮಪ್ರಸಾದ, ಮನೆಯಲ್ಲಿ ಔತಣ. ಗುರು ಶಿಷ್ಯರಿಬ್ಬರೂ ಬೆಳಕು ಹರಿಯುವ ಮೊದಲೇ ಅವರ ಅಂಗಳದಲ್ಲಿ ಗ್ರಿಲ್ ಇಟ್ಟರು.

"ಇವತ್ತಿನ ಅಡುಗೆ ನಿನ್ನದು," ಎಂದರು ಬಾಯಿ. "ಸರಿಯಾಯಿತೋ, ಇನ್ನು ಮುಂದೆ ಒಬ್ಬನೇ ಹೋಗು. ಸರಿಯಾಗಲಿಲ್ಲವೋ, ನಾಳೆಯಿಂದ ಮತ್ತೆ ಇದ್ದಲು ಜರಡಿ ಹಿಡಿ."

ಹೆರಾಲ್ಡ್ ಇದ್ದಲನ್ನು ಒಂದು ಬದಿಗೆ ಒಟ್ಟಿದ. ಅದರ ಮೇಲೆ ಪೇರಳೆ ಮರದ ಚಕ್ಕೆ ಇಟ್ಟ. ಇನ್ನೊಂದು ಬದಿಗೆ ಹಂದಿಯ ಭುಜದ ದೊಡ್ಡ ತುಂಡನ್ನಿಟ್ಟು ಮುಚ್ಚಳ ಹಾಕಿದ. ನಡುವಿನ ಮಾಂಸ ತೊಂಬತ್ತನಾಲ್ಕು ಡಿಗ್ರಿಗೆ ಬರಬೇಕು. ಆಗಲೇ ಅದು ಎಳೆಎಳೆಯಾಗಿ ಬಿಡುವುದು.

ಇಗರ್ಜಿಯಿಂದ ನೆಂಟರು ಬಂದರು. ಸೂಜಿ ಎಪ್ಪತ್ತೊಂದು ತೋರಿಸಿತು.

ನೆಂಟರು ಶರಬತ್ತು ಕುಡಿದರು. ಎಪ್ಪತ್ತೊಂದು.

"ಕೆಟ್ಟಿದೆಯೋ ಏನೋ ಬಾಯಿ. ಏರುವುದೇ ಇಲ್ಲ."

"ಕೆಟ್ಟಿಲ್ಲ. ಮಾಂಸ ಬೆವರುತ್ತಿದೆ. ಬೆವರು ಆರಲಿ."

"ಜನ ಕಾಯುತ್ತಿದ್ದಾರೆ."

"ಅದು ಮಾಂಸಕ್ಕೆ ಗೊತ್ತಿಲ್ಲ."

ಸಿಪ್ರಿಯನ್ ಮಾಮ ಜಗಲಿಯಿಂದ ಕೂಗಿದರು: "ಹೆರಾಲ್ಡ್, ಇವತ್ತಿನ ಊಟವೋ, ಕ್ರಿಸ್ಮಸ್ಸಿನದೋ?" ಎಲ್ಲರೂ ನಕ್ಕರು.

ಹೆರಾಲ್ಡನ ಕಿವಿ ಕೆಂಪಾಯಿತು. ಮುಚ್ಚಳ ತೆಗೆದು ಸೂಜಿಯನ್ನು ಎಡಕ್ಕೆ ಚುಚ್ಚಿದ. ಎಪ್ಪತ್ತು. ಮೇಲೆ ಚುಚ್ಚಿದ. ಎಪ್ಪತ್ತಾರು. ಕೊನೆಗೆ ಇದ್ದಲಿನ ಕಡೆಯ ತೆಳ್ಳನೆಯ ಅಂಚಿಗೆ ಚುಚ್ಚಿದ.

"ಆಯ್ತು ಬಾಯಿ! ತೊಂಬತ್ತನಾಲ್ಕು!"

ಬಾಯಿ ಎದ್ದು ಬಂದರು. ಸೂಜಿಯನ್ನು ಎಳೆದು ತೆಗೆದರು. ಬಿಸಿನೀರಿನಲ್ಲಿ ತೊಳೆದು, ಶುಭ್ರವಾದ ಬಟ್ಟೆಯಿಂದ ಒರೆಸಿದರು. ಆಮೇಲೆ ಪಕ್ಕದ ಒಲೆಯಲ್ಲಿ ಕೊತಕೊತ ಕುದಿಯುತ್ತಿದ್ದ ಅನ್ನದ ಗಂಜಿಯಲ್ಲಿ ಅದ್ದಿ ಅವನ ಮುಖಕ್ಕೆ ಹಿಡಿದರು.

"ಓದು."

"ತೊಂಬತ್ತೆಂಟು."

"ನಿನ್ನದಕ್ಕಿಂತ ನಾಲ್ಕು ಹೆಚ್ಚೇ ಇದೆ. ಹೋಗು, ಇದನ್ನೇ ಹಂದಿಮಾಂಸವೆಂದು ಬಡಿಸು."

ಹೆರಾಲ್ಡ್ ತಲೆ ತಗ್ಗಿಸಿದ.

"ಸೂಜಿ ಸುಳ್ಳು ಹೇಳಲಿಲ್ಲ ಬಾಯಿ."

"ಇಲ್ಲ. ನೀನು ಕೇಳಿದ್ದಕ್ಕೆ ಉತ್ತರ ಕೊಟ್ಟಿತು. ನೀನು ಕೇಳಿದ್ದು ಎಂತ?"

ಹೆರಾಲ್ಡ್ ಸೂಜಿಯನ್ನು ಮತ್ತೆ ತೊಳೆದ. ತುಂಡಿನ ಅತಿ ದಪ್ಪನೆಯ ಭಾಗ ಹುಡುಕಿ, ಮೂಳೆಗೆ ತಾಗದಂತೆ ನಡುಮಧ್ಯಕ್ಕೆ ಚುಚ್ಚಿದ. ಅರುವತ್ತೊಂಬತ್ತು. ಮುಚ್ಚಳ ತೆಗೆದಿಟ್ಟು ಕಾವು ಕಳೆದಿದ್ದ.

ಮುಚ್ಚಳ ಹಾಕಿದ. ನೆಟ್ಟಗೆ ಜಗಲಿಗೆ ನಡೆದ.

"ಮಾಮ, ಮಾಂಸ ಬೆಂದಿಲ್ಲ. ಇನ್ನೂ ತುಂಬ ಹೊತ್ತು ಬೇಕು. ನಾನೇ ಮುಚ್ಚಳ ತೆಗೆದು ತಡ ಮಾಡಿದೆ. ಮಕ್ಕಳಿಗೂ ವಯಸ್ಸಾದವರಿಗೂ ಈಗ ಅನ್ನ, ಮನೆಯಲ್ಲಿ ಮಾಡಿದ ಕೋಳಿ ಬಡಿಸಿ."

"ನಿನ್ನ ಅಪ್ಪ ಆಗಿದ್ದರೆ ಇಷ್ಟೊತ್ತಿಗೆ ನಾವೆಲ್ಲ ಉಂಡು ಮಲಗುತ್ತಿದ್ದೆವು ಮಾರಾಯ."

"ಹೌದು ಮಾಮ."

"ಒಂಚೂರು ಗಟ್ಟಿ ಇದ್ದರೆ ಇರಲಿ, ಕಡಿದು ತಾ. ನಮಗೆ ಹಲ್ಲಿದೆ."

"ತರುವುದಿಲ್ಲ ಮಾಮ. ಇವತ್ತಿನ ಅಡುಗೆ ನನ್ನದು."

ಜಗಲಿಯ ನಗು ನಿಂತಿತು. ಸಿಪ್ರಿಯನ್ ಮಾಮ ಅವನನ್ನೇ ನೋಡಿದರು. ಆಮೇಲೆ ಹೆಂಡತಿಗೆ ಕೋಳಿ ತರಲು ಹೇಳಿದರು.

ಹೆರಾಲ್ಡ್ ಗ್ರಿಲ್ ಬಳಿ ನಿಂತ. ಹೊಗೆ ಕಣ್ಣಿಗೆ ಬಂದರೂ ಕದಲಲಿಲ್ಲ. ಮುಚ್ಚಳ ಮುಟ್ಟಲಿಲ್ಲ. ಸೂಜಿಯ ತಂತಿ ಹೊರಗಿತ್ತು, ಅಂಕಿ ಕಾಣುತ್ತಿತ್ತು. ಎಪ್ಪತ್ತು. ಎಪ್ಪತ್ತೊಂದು. ಅಲ್ಲೇ ನಿಂತಿತು. ಅವನೂ ನಿಂತ. ಇದ್ದಲು ಕುಂದಿದಾಗ ಮಾತ್ರ ಮುಚ್ಚಳ ತುಸು ಸರಿಸಿ ಬದಿಯಿಂದ ಒಂದು ಹಿಡಿ ಸೇರಿಸಿದ, ಹೆಚ್ಚಿಗೆ ಹಾಕಲಿಲ್ಲ.

ಮಕ್ಕಳು ಉಂಡು ಆಟಕ್ಕೆ ಹೋದರು. ಊಟಕ್ಕೆ ಬಂದಿದ್ದ ಪಾದ್ರಿಗಳು ಇನ್ನೊಂದು ಮನೆಗೆ ಹೋಗಿ ಮರಳಿ ಬಂದರು.

ಎಪ್ಪತ್ತೆರಡು. ಎಪ್ಪತ್ತೈದು. ಆಮೇಲೆ ಅಂಕಿ ತಾನಾಗಿ ಏರತೊಡಗಿತು.

ತೊಂಬತ್ತನಾಲ್ಕಾದಾಗ ಹೆರಾಲ್ಡ್ ಮುಚ್ಚಳ ತೆಗೆದ. ಸೂಜಿಯನ್ನು ದಪ್ಪ ಭಾಗದ ಇನ್ನೂ ಎರಡು ಕಡೆ ಚುಚ್ಚಿ ನೋಡಿದ. ಅದೇ ಅಂಕಿ. ಸೂಜಿ ಬೆಣ್ಣೆಯೊಳಗೆ ಹೋದಂತೆ ಹೋಯಿತು.

ಅವನು ಬಾಯಿಯನ್ನು ಹುಡುಕಿದ. ಅವರು ಒಲೆಯ ಬಳಿ ಇರಲಿಲ್ಲ. ಜಗಲಿಯ ಮೇಜಿನ ಬಳಿ, ನೆಂಟರ ಸಾಲಿನ ಕೊನೆಗೆ, ಬೆನ್ನು ನೆಟ್ಟಗೆ ಮಾಡಿ ಕುಳಿತಿದ್ದರು. ಮುಂದೆ ಖಾಲಿ ತಟ್ಟೆ ಇತ್ತು.

"ಬಾಯಿ, ಇಳಿಸಲಾ?"

ಬೆನೆಡಿಕ್ಟಾ ಬಾಯಿ ತಟ್ಟೆಯನ್ನು ಸ್ವಲ್ಪ ಮುಂದಕ್ಕೆ ಸರಿಸಿದರು.

"ನನ್ನನ್ನು ಯಾಕೆ ಕೇಳುತ್ತೀ? ನಾನು ಊಟಕ್ಕೆ ಬಂದವಳು."