ಬಾಗಿಲಿನ ಕಣ್ಣು, ಬೂದುಗುಂಬಳದ ತಲೆ

ಪಣಕ್ಕಿದ್ದದ್ದು ಒಂದು ತಲೆ. ಆಯುಧಪೂಜೆಗೆ ಒಡೆಯಲೆಂದು ತಂದಿದ್ದ ಬೂದುಗುಂಬಳ ಕಾರ್ ಶೆಡ್ಡಿನ ಹೊಸ್ತಿಲಲ್ಲಿ ಕೂತು, ಕರೆಂಟಿನಲ್ಲಿ ಇಳಿಯುವ ಬಾಗಿಲನ್ನು ಕೇಳಿತು: "ಬಾಗಿಲಣ್ಣ, ಅಡ್ಡ ಯಾರಾದರೂ ಇದ್ದರೆ ನಿಲ್ಲುತ್ತೀರಂತೆ, ಹೌದೇ?"

"ಚೌಕಟ್ಟಿನಲ್ಲಿ ನನಗೊಂದು ಕಣ್ಣಿದೆ. ಅದಕ್ಕೆ ಕಂಡರೆ ನಿಲ್ಲುತ್ತೇನೆ."

"ಕಣ್ಣು ಸೊಂಟದೆತ್ತರದಲ್ಲಿದೆ. ಈ ಮನೆಯ ಮಗು ಇನ್ನೂ ಅಂಬೆಗಾಲಿಡುತ್ತಿದೆ. ಮೊದಲು ನನ್ನ ಮೇಲೆ ಇಳಿದು ತೋರಿಸಿ. ನನ್ನದು ಹೇಗೂ ಸಂಜೆಗೆ ಒಡೆಯುವ ತಲೆ."

ಬಾಗಿಲು ಗತ್ತಿನಿಂದ ಇಳಿಯಿತು. ಕುಂಬಳ ಎರಡು ಹೋಳಾಯಿತು.

"ನನಗೆ ಕಾಣಲೇ ಇಲ್ಲ," ಎಂದಿತು ಕಣ್ಣು.

"ನಾವು ಹೇಳಿದ್ದೂ ಅದನ್ನೇ," ಎಂದವು ಎರಡೂ ಹೋಳುಗಳು.

ಸದ್ದಿಗೆ ಓಡಿಬಂದ ಅಜ್ಜಿ ಗುರುಬಸಮ್ಮ, ಮಗುವನ್ನು ಕಂಕುಳಿಂದ ಇಳಿಸದೆ ಮೆಕ್ಯಾನಿಕ್ಕನ್ನು ಕರೆಸಿ, ಕಣ್ಣನ್ನು ನೆಲದಿಂದ ಗೇಣೆತ್ತರಕ್ಕೆ ತರಿಸಿದರು.

ಹೋದದ್ದು ಒಂದು ಕುಂಬಳ. ಉಳಿದದ್ದು ಮಗುವಿನ ತಲೆ. ಪೂಜೆಗೆ ಮೊದಲೇ ಒಡೆದದ್ದರಿಂದ, ಮಧ್ಯಾಹ್ನಕ್ಕೆ ಮಜ್ಜಿಗೆಹುಳಿಯೂ ಆಯಿತು.