ರಂಪಣಿಯ ಎರಡು ತುದಿ

"ಮಾಸ್ತರರೇ, ಈ ಲೆನ್ಸ್ ಬಂದ ಮೇಲೆ ನಮ್ಮ ಹಳೆಯ ಲೆನ್ಸಿನ ಚಿತ್ರಗಳನ್ನು ಯಾರಾದರೂ ನೋಡುತ್ತಾರೆಯೇ?"

ಕೇಳಿದವನು ನಿತ್ಯಾನಂದ. ಮದುವೆ, ನಾಮಕರಣಗಳ ಫೋಟೋ ತೆಗೆದು ಬದುಕುವವನು. ಪ್ರತಿ ಭಾನುವಾರ ಅವನೂ ಅವನಂಥ ಐದಾರು ಜನರೂ ದಾಮೋದರ ಮಾಸ್ತರರ ಜಗಲಿಯಲ್ಲಿ ಸೇರುತ್ತಿದ್ದರು. ಮಾಸ್ತರರು ಮೂವತ್ತೈದು ವರ್ಷ ಕ್ಯಾಮೆರಾ ಹಿಡಿದವರು. ಈಗ ಹಿಡಿಯುವವರಿಗೆ ಕಲಿಸುವವರು.

ಹಿಂದಿನ ದಿನವಷ್ಟೇ ಒಂದು ಕಂಪನಿ ಹೊಸ ವೈಡ್ ಆ್ಯಂಗಲ್ ಲೆನ್ಸ್ ಬರಲಿದೆಯೆಂದು ಪ್ರಕಟಿಸಿತ್ತು. ಬೆಳಗಿನಿಂದ ಜಗಲಿಯಲ್ಲಿ ಅದೇ ಮಾತು. ಮೂಲೆಯವರೆಗೂ ನಿಚ್ಚಳವಂತೆ ಎಂದನೊಬ್ಬ. ಗೋಡೆಯ ಗೆರೆ ಬಾಗುವುದೇ ಇಲ್ಲವಂತೆ ಎಂದನಿನ್ನೊಬ್ಬ. ಇಡೀ ಕಲ್ಯಾಣ ಮಂಟಪ ಒಂದೇ ಚಿತ್ರದಲ್ಲಿ ಬರುತ್ತದಂತೆ ಎಂದಳು ಮಂದಾಕಿನಿ. ನಿತ್ಯಾನಂದ ತನ್ನ ಎರಡೂ ಲೆನ್ಸುಗಳನ್ನು ಮಾರಿ ಅದನ್ನು ತರಿಸುವ ಯೋಚನೆಯಲ್ಲಿದ್ದ.

ಮಾಸ್ತರರು ಎಲ್ಲವನ್ನೂ ಕೇಳಿದರು. ಆಮೇಲೆ ಈ ಕತೆ ಹೇಳಿದರು.

ಕಡಲ ತೀರದ ಒಂದು ಊರಿನಲ್ಲಿ ಒಂದು ರಂಪಣಿ ಬಲೆ ಇತ್ತು. ರಂಪಣಿ ಎಂದರೆ ಒಬ್ಬಿಬ್ಬರ ಬಲೆಯಲ್ಲ, ಊರಿನ ಬಲೆ. ದೋಣಿಯಲ್ಲಿ ಹೋಗಿ ಅದನ್ನು ಸಮುದ್ರದಲ್ಲಿ ಅರ್ಧಚಂದ್ರದ ಹಾಗೆ ಬಿಟ್ಟು ಬರುತ್ತಾರೆ. ಅದರ ಎರಡು ತುದಿಯ ಹಗ್ಗಗಳನ್ನು ತೆಂಕಣದ್ದೊಂದು, ಬಡಗಣದ್ದೊಂದು ಎಂದು ಎರಡು ಗುಂಪು ದಡದಲ್ಲಿ ನಿಂತು ಎಳೆಯುತ್ತವೆ. ಮೊದಲು ಗುಂಪುಗಳ ನಡುವೆ ಕೂಗಿದರೂ ಕೇಳದಷ್ಟು ದೂರವಿರುತ್ತದೆ. ಎಳೆಯುತ್ತ ಎಳೆಯುತ್ತ ಎರಡೂ ಒಂದರ ಕಡೆಗೊಂದು ಸರಿಯಬೇಕು. ಕೊನೆಗೆ ಎರಡು ತುದಿಯೂ ಕೂಡಿದರೆ ಮೀನು ಉಳಿಯುತ್ತದೆ. ಕೂಡದಿದ್ದರೆ ಸಮುದ್ರದ್ದು ಸಮುದ್ರಕ್ಕೇ ಹೋಗುತ್ತದೆ.

ಒಂದು ವರ್ಷ ಬಲೆ ಎಳೆಯುವಾಗ ದೊಡ್ಡ ತೆರೆ ಎದ್ದಿತು. ತೆಂಕಣ ಗುಂಪಿನವರ ಕೈಯಿಂದ ಹಗ್ಗ ಹೋಯಿತು. ಭಾರವೆಲ್ಲ ಬಡಗಣ ಗುಂಪಿನ ಮೇಲೆ ಬಿದ್ದು, ಅವರಲ್ಲೊಬ್ಬನನ್ನು ಹಗ್ಗ ನೀರಿಗೆ ಎಳೆದುಕೊಂಡು ಹೋಯಿತು. ಜೀವ ಉಳಿಯಿತು, ಕಾಲು ಮುರಿಯಿತು. ತೆಂಕಣದವರು ಬೇಕೆಂದೇ ಹಗ್ಗ ಬಿಟ್ಟರು ಎಂದರು ಬಡಗಣದವರು. ನಮ್ಮನ್ನು ಅಂಥವರೆಂದು ತಿಳಿದರಲ್ಲ ಎಂದು ತೆಂಕಣದವರು ಮುಖ ತಿರುಗಿಸಿದರು. ಎರಡು ವರ್ಷ ಬಲೆ ಚಪ್ಪರದಲ್ಲಿ ನೇತಾಡಿತು. ಮೂರನೆಯ ವರ್ಷ, ಅದನ್ನು ನಡುವೆ ಕತ್ತರಿಸಿ ಎರಡು ಪಾಲು ಮಾಡುವುದೆಂದು ತೀರ್ಮಾನವಾಯಿತು. ರಂಪಣಿಯ ಅರ್ಧ ಯಾವ ಕೆಲಸಕ್ಕೂ ಬಾರದು. ಅದು ಎರಡೂ ಕಡೆಯವರಿಗೆ ಗೊತ್ತಿತ್ತು.

ಕತ್ತರಿಸುವ ಮೊದಲು ಒಮ್ಮೆ ಬಲೆ ಬಿಡೋಣ, ಅದರದ್ದೊಂದು ಚಿತ್ರ ಇರಲಿ ಎಂದರು ಹಿರಿಯರು. ಪಕ್ಕದ ಪೇಟೆಯಿಂದ ಒಬ್ಬ ಫೋಟೋಗ್ರಾಫರನನ್ನು ಕರೆಸಿದರು. ಎರಡು ಗುಂಪಿನವರೂ ಅವನಿಗೆ ಒಂದೇ ಮಾತು ಹೇಳಿದರು: ನಾವೆಲ್ಲ ಚಿತ್ರದಲ್ಲಿ ಬರಬೇಕು, ಆದರೆ ಅವರ ಪಕ್ಕದಲ್ಲಿ ನಿಲ್ಲುವುದಿಲ್ಲ.

ಫೋಟೋಗ್ರಾಫರ್ ತನ್ನ ಲೆನ್ಸ್ ಹಾಕಿ ನೋಡಿದ. ಒಂದು ಗುಂಪು ಬಂದರೆ ಇನ್ನೊಂದು ಹೊರಗೆ ಉಳಿಯುತ್ತಿತ್ತು. ಅವನು ಪೇಟೆಗೆ ಹೋಗಿ, ಆ ಕಾಲಕ್ಕೆ ಸಿಗುತ್ತಿದ್ದ ಎಲ್ಲಕ್ಕಿಂತ ಅಗಲದ ಲೆನ್ಸನ್ನು ತಂದ. ನಿಮ್ಮ ಹಾಗೆಯೇ ಅವನಿಗೂ ಅದರ ಮೇಲೆ ಬಹಳ ದಿನದಿಂದ ಕಣ್ಣಿತ್ತು.

ಹೇಳಿದ ದಿನ ಬೆಳಿಗ್ಗೆ ಬಲೆ ಬಿಟ್ಟರು. ನಲವತ್ತು ಜನ ಎರಡು ಕಡೆ ನಿಂತು ಎಳೆದರು. ಆ ದಿನ ಬಂಗುಡೆ ಮೀನಿನ ಹಿಂಡು ಬಂದಿತ್ತು. ಬಲೆಯೊಳಗೆ ನೀರು ಕುದಿಯುವ ಹಾಗೆ ಕಾಣುತ್ತಿತ್ತು. ಆದರೆ ನೂರು ಹೆಜ್ಜೆಯ ಅಂತರ ಉಳಿದಾಗ ಎರಡು ಗುಂಪೂ ನಿಂತವು. ಅವರು ಸರಿಯಲಿ ಎಂದರು ಇವರು. ಇವರು ಸರಿಯಲಿ ಎಂದರು ಅವರು. ಬಲೆಯ ಬಾಯಿ ತೆರೆದೇ ಇತ್ತು. ಮೀನು ಒಂದೊಂದಾಗಿ ಹೊರಗೆ ಹೋಗತೊಡಗಿತು.

ಫೋಟೋಗ್ರಾಫರ್ ನಡುವೆ, ನೀರಿನಂಚಿನಲ್ಲಿ ದಡಕ್ಕೆ ಮುಖಮಾಡಿ ನಿಂತು ಕ್ಯಾಮೆರಾ ಕಣ್ಣಿಗೆ ಹಿಡಿದ. ನಲವತ್ತು ಜನರೂ ಕಾಣುತ್ತಿದ್ದರು. ಒಬ್ಬನೂ ಹೊರಗೆ ಉಳಿದಿರಲಿಲ್ಲ. ಇಪ್ಪತ್ತು ಜನ ಚಿತ್ರದ ಎಡ ಅಂಚಿಗೆ, ಇಪ್ಪತ್ತು ಜನ ಬಲ ಅಂಚಿಗೆ. ನಡುವೆ ಬರೀ ಮರಳು. ಕೇಳಿದ್ದನ್ನು ಲೆನ್ಸು ಕೊಟ್ಟಿತ್ತು. ಬೆರಳು ಒತ್ತಿದ್ದರೆ ಅವನ ಕೆಲಸ ಮುಗಿಯುತ್ತಿತ್ತು.

ಅವನು ಕ್ಯಾಮೆರಾ ಇಳಿಸಿದ. ಕೈ ಎತ್ತಿ ಕೂಗಿದ: "ಎಲ್ಲರೂ ಚಿತ್ರದಲ್ಲಿ ಹಿಡಿಸ್ತಾ ಇಲ್ಲ! ಎರಡೂ ಕಡೆಯವರು ಸ್ವಲ್ಪ ಈಚೆ ಬನ್ನಿ!"

ಯಾರೂ ಅಲುಗಲಿಲ್ಲ.

"ಹೀಗಾದರೆ ಕೊನೆಯಲ್ಲಿರುವವರು ಚಿತ್ರದಲ್ಲಿ ಬರೋದಿಲ್ಲ. ಆಮೇಲೆ ನನ್ನನ್ನು ಕೇಳಬೇಡಿ."

ಬಡಗಣ ಗುಂಪಿನ ಕೊನೆಯಲ್ಲಿದ್ದವನು ಕಾಲು ಮುರಿದುಕೊಂಡವನೇ. ಎಳೆಯುವ ಶಕ್ತಿ ಇಲ್ಲದಿದ್ದರೂ ಹಗ್ಗ ಮುಟ್ಟಿಕೊಂಡು ನಿಂತಿದ್ದ. ಅವನು ಹಗ್ಗ ಹಿಡಿದೇ ಕುಂಟುತ್ತ ಮುಂದೆ ಬಂದ. "ನಾನಂತೂ ಚಿತ್ರದಲ್ಲಿ ಇರಬೇಕಪ್ಪ" ಎಂದ. ಅವನೊಬ್ಬನನ್ನೇ ಬಿಡಲಾಗದೆ ಅವನ ಗುಂಪೂ ಸರಿಯಿತು. ಅವರು ಸರಿದದ್ದನ್ನು ನೋಡಿ ತೆಂಕಣದವರೂ ಹತ್ತು ಹೆಜ್ಜೆ ಸರಿದರು. ಫೋಟೋಗಾಗಿ ಮಾತ್ರ ಎಂದು ಒಬ್ಬ ಗಟ್ಟಿಯಾಗಿ ಹೇಳಿಯೂ ಹೇಳಿದ.

"ಇನ್ನೂ ಸ್ವಲ್ಪ" ಎಂದ ಫೋಟೋಗ್ರಾಫರ್. ಅವರು ಸರಿದ ಹಾಗೆ ತಾನು ಹಿಂದೆ ಹೆಜ್ಜೆಯಿಡುತ್ತ ಮೊಣಕಾಲುದ್ದ ನೀರಿಗೆ ಇಳಿದ. "ಇನ್ನೂ ಸ್ವಲ್ಪ ಒತ್ತಾಗಿ ಬನ್ನಿ."

ಕೊನೆಗೆ ಎರಡು ಹಗ್ಗದ ನಡುವೆ ಒಂದು ಮಾರು ಉಳಿಯಿತು. ಆಗ ಒಂದು ತೆರೆ ಬಂದು ಬಲೆಯನ್ನು ಜಗ್ಗಿತು. ಕುಂಟನ ಕಾಲು ಜಾರಿತು. ತೆಂಕಣ ಗುಂಪಿನ ಮುಂದಾಳು ಒಂದು ಕೈಯಲ್ಲಿ ಹಗ್ಗ ಹಿಡಿದು, ಇನ್ನೊಂದು ಕೈಯಲ್ಲಿ ಅವನ ರಟ್ಟೆ ಹಿಡಿದ. ಹಿಡಿದವನು ಬಿಡಲಿಲ್ಲ. ತಲೆ ತಗ್ಗಿಸಿ ಹೇಳಿದ: "ಅವತ್ತು ಕೈ ಜಾರಿತ್ತು ಮಾರಾಯ. ಬೇಕಂತ ಬಿಟ್ಟದ್ದಲ್ಲ."

"ಅದನ್ನ ಹೇಳಲಿಕ್ಕೆ ಎರಡು ವರ್ಷ ಬೇಕಾಯ್ತಾ ನಿಂಗೆ? ಎಳಿ, ಮೀನು ಹೋಗ್ತದೆ" ಎಂದ ಕುಂಟ.

ನಲವತ್ತು ಜನ ಒಟ್ಟಿಗೆ ಎಳೆದರು. ಬಲೆಯ ಬಾಯಿ ಮುಚ್ಚಿತು. ಅರ್ಧ ಮೀನು ಆಗಲೇ ಹೋಗಿತ್ತು. ಉಳಿದದ್ದೇ ಮನೆಮನೆಗೂ ಬುಟ್ಟಿ ತುಂಬುವಷ್ಟಿತ್ತು. ಫೋಟೋಗ್ರಾಫರ್ ನೀರಿನಲ್ಲಿ ನಿಂತು, ಕೈ ಚಾಚಿದರೆ ತಾಗುವಷ್ಟು ಹತ್ತಿರದಿಂದ ಒಂದೇ ಚಿತ್ರ ತೆಗೆದ. ಆ ಲೆನ್ಸು ಸುಳ್ಳಾಗಲಿಲ್ಲ. ಅಷ್ಟು ಹತ್ತಿರದಲ್ಲೂ ಬಲೆ, ಮೀನು, ನಲವತ್ತು ಮುಖ, ಎಲ್ಲವೂ ಬಂದವು. ಬೇರೆ ಯಾವ ಲೆನ್ಸಿಗೂ ಅದು ಆಗುತ್ತಿರಲಿಲ್ಲ. ಬಲೆ ಕತ್ತರಿಸುವ ಮಾತನ್ನು ಆಮೇಲೆ ಯಾರೂ ಎತ್ತಲಿಲ್ಲ. ಮರುವಾರ ಅದನ್ನು ಮತ್ತೆ ಕಡಲಿಗೆ ಬಿಟ್ಟರು.

ಮಾಸ್ತರರು ಕತೆ ನಿಲ್ಲಿಸಿದರು.

ನಿತ್ಯಾನಂದ ಕೇಳಿದ: "ಮೊದಲೇ ಎಲ್ಲರೂ ಲೆನ್ಸಿನಲ್ಲಿ ಬಂದಿದ್ದರಲ್ಲ ಮಾಸ್ತರರೇ? ಹಾಗಾದರೆ ಎಲ್ಲರೂ ಹಿಡಿಸುತ್ತಿಲ್ಲ ಎಂದು ಅವನು ಹೇಳಿದ್ದು ಸುಳ್ಳಲ್ಲವೇ?"

"ಲೆನ್ಸು ಎಲ್ಲರನ್ನೂ ಒಳಗೆ ತಂದಿತ್ತು, ಹತ್ತಿರ ತರುವುದು ಬಾಕಿಯಿತ್ತು" ಎಂದರು ಮಾಸ್ತರರು.